ರುಜು ಯಾರದು, ಮಗು ಯಾರದು?

ಕಳೆದ ವಾರ ಗಿರಣಿಯ ಪಾಳಿ ಬದಲಾಗುವ ಹೊತ್ತಿಗೆ ಒಬ್ಬ ತಾಯಿ ಹತ್ತು ವರ್ಷದ ಮಗಳ ಕೈಹಿಡಿದು ನಮ್ಮ ಕಚೇರಿಯ ಮೆಟ್ಟಿಲೇರಿ ಬಂದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜಾ ಹಾಕುವ ಕೆಲಸ ಅವರದು. ಗಂಡ ಬಿಟ್ಟುಹೋಗಿ ಆರು ವರ್ಷವಾಯಿತು. ವಿಚ್ಛೇದನವಾಗಿಲ್ಲ. ಜೀವನಾಂಶದ ಆದೇಶವಾಗಿದೆ, ಹಣ ಬಂದಿಲ್ಲ. ಅವರ ಅಕ್ಕ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ದಾದಿ. ತಾಯಿ ಪಾಳಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಮಗುವನ್ನು ಸಾಕಿದ ಅಜ್ಜಿ ಈಗ ಅಲ್ಲಿಯೇ ಇದ್ದಾರೆ, ಹಾಸಿಗೆ ಹಿಡಿದಿದ್ದಾರೆ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಒಮ್ಮೆ ಕರೆತನ್ನಿ ಎಂದು ಹೇಳಿಕಳುಹಿಸಿದ್ದಾರೆ. ಟಿಕೆಟ್ಟಿನ ಹಣವನ್ನು ಅಕ್ಕ ಕೊಡುತ್ತಾರೆ. ಮಗುವಿಗೆ ಪಾಸ್‌ಪೋರ್ಟು ಮಾತ್ರ ಇಲ್ಲ.

ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, 1000 ರೂಪಾಯಿ ಶುಲ್ಕ ಕಟ್ಟಿ ಅವರು ಪಾಸ್‌ಪೋರ್ಟು ಕಚೇರಿಗೆ ಹೋದರು. ಕಿಟಕಿಯ ಹಿಂದಿದ್ದವರು ಕಾಗದಗಳನ್ನು ತಿರುವಿಹಾಕಿ ಒಂದೇ ಮಾತು ಕೇಳಿದರು: "ತಂದೆಯ ರುಜು ಎಲ್ಲಿ?" ತಂದೆ ಜೊತೆಯಲ್ಲಿಲ್ಲವೆಂದು ಇವರು ಹೇಳಿದರು. "ಹಾಗಾದರೆ ಕೋರ್ಟಿನ ಆದೇಶ ತನ್ನಿ" ಎಂದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ. ಇವರು ಕೇಳಲೂ ಇಲ್ಲ, ಏಕೆಂದರೆ ಕೇಳಬಹುದೆಂಬುದೇ ಇವರಿಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಮರಳಿ ಬಂದರು.

ಇಷ್ಟೇ ಆಗಿದ್ದರೆ ಕಚೇರಿಗಳ ಬಗೆಗೆ ನಾವು ವಾರವಾರವೂ ಬರೆಯುವ ದೂರುಗಳ ಸಾಲಿಗೆ ಇದನ್ನೂ ಸೇರಿಸಿ ಸುಮ್ಮನಾಗುತ್ತಿದ್ದೆವು. ಆದರೆ ವಿಷಯ ಇನ್ನೂ ಹತ್ತಿರದ್ದು. ರುಜು ಕೊಡಲೊಲ್ಲದ ಆ ಗಂಡ ಹೊರಗಿನವರಲ್ಲ. ನಮ್ಮ ಸಂಘದ ಸದಸ್ಯರು. ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಮುಷ್ಕರದ ದಿನಗಳಲ್ಲಿ ಗಿರಣಿಯ ಬಾಗಿಲಲ್ಲಿ ರಾತ್ರಿ ಕಾವಲು ಕೂತವರು. ಇದನ್ನು ಮುಚ್ಚಿಟ್ಟು ಸರ್ಕಾರವನ್ನು ಮಾತ್ರ ಬಯ್ಯುವುದು ನಮಗೆ ಒಪ್ಪಿಗೆಯಾಗಲಿಲ್ಲ.

ನಾವು ಅವರ ಮನೆಗೆ ಹೋದೆವು. ಅವರು ಚಹಾ ಕೊಟ್ಟರು, ರುಜು ಕೊಡಲಿಲ್ಲ. "ಮಗಳು ನನ್ನವಳು. ನನ್ನನ್ನು ಕೇಳದೆ ದೇಶ ಬಿಟ್ಟು ಹೇಗೆ ಹೋಗುತ್ತಾಳೆ? ಜೀವನಾಂಶದ ಬಾಕಿಯನ್ನು ಆಕೆ ಬಿಟ್ಟುಕೊಡಲಿ, ಆಮೇಲೆ ರುಜು ಮಾಡುತ್ತೇನೆ" ಎಂದರು. ಮಗಳು ಈಗ ಯಾವ ತರಗತಿಯಲ್ಲಿ ಓದುತ್ತಿದ್ದಾಳೆಂದು ನಾವು ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ.

ಗಿರಣಿಯ ಗೆಳೆಯರಿಗೆ ಒಂದು ಮಾತು ನೆನಪಿಸುತ್ತೇವೆ. ಕೆಲಸ ಬಿಟ್ಟ ಕಾರ್ಮಿಕನ ಭವಿಷ್ಯನಿಧಿಯ ಕಾಗದಕ್ಕೆ ರುಜು ಹಾಕದೆ, "ದಾವೆ ಹಿಂತೆಗೆದುಕೊ, ಆಮೇಲೆ ನೋಡೋಣ" ಎನ್ನುವ ಧಣಿಯನ್ನು ನಾವು ಏನೆಂದು ಕರೆಯುತ್ತೇವೆ? ಅಂಗಡಿಯ ಪರವಾನಗಿಯ ಕಾಗದವನ್ನು ಮೇಜಿನ ಕೆಳಗಿಟ್ಟುಕೊಂಡು ವ್ಯಾಪಾರಿಯನ್ನು ಹತ್ತು ಸಲ ಅಲೆಸುವ ಗುಮಾಸ್ತನನ್ನು ಪೇಟೆಯ ಗೆಳೆಯರು ಏನೆಂದು ಕರೆಯುತ್ತಾರೆ? ಇನ್ನೊಬ್ಬರ ಬದುಕಿಗೆ ಬೇಕಾದ ರುಜುವನ್ನು ತನ್ನ ಲಾಭಕ್ಕಾಗಿ ಒತ್ತೆಯಿಡುವುದಕ್ಕೆ ಗಿರಣಿಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಹೆಸರು ಇರಲಾರದು.

ಇನ್ನು ಕಾನೂನಿನ ಮಾತು. ಪಾಸ್‌ಪೋರ್ಟು ಸರ್ಕಾರದ ಕೃಪೆಯೆಂದು ನಡೆಯುತ್ತಿದ್ದ ಕಾಲ ಒಂದಿತ್ತು. ಅಧಿಕಾರಿ ಮನಸ್ಸು ಮಾಡಿದರೆ ಸಿಕ್ಕಿತು, ಇಲ್ಲವಾದರೆ ಇಲ್ಲ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಸೇರಿದ್ದೆಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಒತ್ತಾಯಕ್ಕೆ ಅದೇ ವರ್ಷ ಪಾಸ್‌ಪೋರ್ಟು ಕಾಯಿದೆ ಬಂದಿತು. ಆ ಕಾಯಿದೆಯ ಪ್ರಕಾರ ಪಾಸ್‌ಪೋರ್ಟು ನಿರಾಕರಿಸುವ ಅಧಿಕಾರಿ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಕೇಳಿದವರಿಗೆ ಸಾಮಾನ್ಯವಾಗಿ ಅದರ ಪ್ರತಿಯನ್ನು ಕೊಡಬೇಕು. ಅದರ ಮೇಲೆ ಮೇಲ್ಮನವಿಗೂ ದಾರಿಯಿದೆ. ಕಿಟಕಿಯಿಂದ ಬಂದ ಬಾಯಿಮಾತು ಆದೇಶವಲ್ಲ ಎಂಬುದನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈ ಹಕ್ಕು ಬೆಳೆದವರದು ಮಾತ್ರವಲ್ಲ, ಮಗುವಿನದೂ ಹೌದು. ಆದರೆ ಮಗು ತಾನೇ ಅರ್ಜಿ ಹಾಕಲಾರದಾದ್ದರಿಂದ ಹೆತ್ತವರು ಅದರ ಪರವಾಗಿ ಘೋಷಣೆ ಕೊಡಬೇಕಾಗುತ್ತದೆ. ಇಬ್ಬರೂ ಒಪ್ಪಿದ್ದರೆ ಕೊಡುವ ಘೋಷಣೆಗೆ ಅನುಬಂಧ 'ಡಿ' ಎಂದು ಹೆಸರು. ಒಬ್ಬರ ಒಪ್ಪಿಗೆ ಸಿಕ್ಕಿಲ್ಲದಿದ್ದರೆ ಅದಕ್ಕೂ ಒಂದು ಘೋಷಣೆಯುಂಟು, ಅದು ಅನುಬಂಧ 'ಸಿ'. ಮಗು ತನ್ನ ಬಳಿ ಇದೆ, ಇನ್ನೊಬ್ಬರ ರುಜು ಇಂಥ ಕಾರಣದಿಂದ ಸಿಕ್ಕಿಲ್ಲ, ಹೇಳಿದ್ದಕ್ಕೆ ತಾನೇ ಹೊಣೆ ಎಂದು ಅರ್ಜಿ ಹಾಕುವವರು ಅದರಲ್ಲಿ ಬರೆದುಕೊಡಬೇಕು. ವಿಚ್ಛೇದನವಾಗಿ ಮಗು ಯಾರ ವಶದಲ್ಲಿರಬೇಕೆಂದು ಕೋರ್ಟು ಹೇಳಿದ್ದರೆ ಆ ಆದೇಶದ ಪ್ರತಿಯನ್ನು ಲಗತ್ತಿಸಬೇಕು. ಅಂದರೆ ಗಂಡ ಬಿಟ್ಟುಹೋದ ಹೆಣ್ಣುಮಗಳು, ಹೆಂಡತಿ ಬಿಟ್ಟುಹೋದ ಗಂಡಸು, ಇಂಥವರೂ ಲೋಕದಲ್ಲಿದ್ದಾರೆಂಬುದನ್ನು ನಿಯಮ ಮಾಡಿದವರು ಮರೆತಿಲ್ಲ. ಕಿಟಕಿಯಲ್ಲಿ ಕೂತವರು ಮರೆತಿದ್ದಾರೆ, ಅಥವಾ ಹೊಣೆ ಹೊರುವ ಬದಲು ಕೋರ್ಟಿನ ಕಡೆ ಬೆರಳು ತೋರಿಸುವುದು ಅವರಿಗೆ ಸುಲಭವಾಗಿದೆ.

2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯವು ನಿಯಮಗಳನ್ನು ಇನ್ನಷ್ಟು ಸಡಿಲಿಸಿತು. ಅರ್ಜಿಯಲ್ಲಿ ತಂದೆ ಅಥವಾ ತಾಯಿ ಅಥವಾ ಪೋಷಕರ ಪೈಕಿ ಒಬ್ಬರ ಹೆಸರು ಸಾಕೆಂದಿತು. ಅನುಬಂಧಗಳನ್ನು 15ರಿಂದ 9ಕ್ಕೆ ಇಳಿಸಿತು. ನೋಟರಿಯ ಮುಂದೆ ಪ್ರಮಾಣ ಮಾಡಿಸುವ ಗೊಡವೆಯನ್ನು ತೆಗೆದುಹಾಕಿ, ಬಿಳಿಯ ಹಾಳೆಯಲ್ಲಿ ಸ್ವಂತ ಘೋಷಣೆ ಸಾಕೆಂದಿತು. ವಿಚ್ಛೇದಿತರು ಹಿಂದಿನ ಗಂಡನ ಅಥವಾ ಹೆಂಡತಿಯ ಹೆಸರನ್ನು ಬರೆಯಬೇಕಾಗಿಲ್ಲವೆಂದಿತು. ಮರುತಿಂಗಳೇ, 2017ರ ಜನವರಿಯಲ್ಲಿ, ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟು ಸೇವೆ ಕೊಡುವ ಏರ್ಪಾಡು ಮೊದಲು ಆರಂಭವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಕಚೇರಿ ಜನರ ಹತ್ತಿರಕ್ಕೆ ಬಂದಿತು, ಸಂತೋಷ. ನಿಯಮದ ತಿಳುವಳಿಕೆಯೂ ಅದರೊಡನೆ ಬರಬೇಕಾಗಿತ್ತು.

ತಂದೆಯ ರುಜುವಿಲ್ಲದೆ ನಡೆಯದು ಎಂಬ ನಂಬಿಕೆಯ ಬೇರು ಎಲ್ಲಿದೆ? 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ ಕಾಯಿದೆಯಲ್ಲಿದೆ. ಮಗುವಿನ ಸ್ವಾಭಾವಿಕ ಪಾಲಕ ತಂದೆ, ಅವನ "ನಂತರ" ತಾಯಿ ಎಂದು ಅದರ 6ನೆಯ ಕಲಮು ಹೇಳುತ್ತದೆ. ಈ "ನಂತರ" ಎಂಬ ಒಂದು ಮಾತು ಲಕ್ಷಾಂತರ ತಾಯಂದಿರನ್ನು ಕಚೇರಿಗಳ ಬಾಗಿಲಲ್ಲಿ ನಿಲ್ಲಿಸಿತು. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ಅಲ್ಲಿಯೂ ತಂದೆಯ ರುಜುವನ್ನೇ ಕೇಳಿದರು. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1999ರಲ್ಲಿ ನ್ಯಾಯಾಲಯ ಹೇಳಿತು: "ನಂತರ" ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನು ಮಗುವಿನ ಆರೈಕೆಯಲ್ಲಿ ಇಲ್ಲದಿರುವಾಗ ಎಂದೂ ಅರ್ಥ. ಮಗುವನ್ನು ಯಾವ ತಂದೆ ನೋಡಿಕೊಳ್ಳುತ್ತಿಲ್ಲವೋ ಅವನಿರುವಾಗಲೂ ತಾಯಿಯೇ ಪಾಲಕಳಾಗಬಹುದು. 2015ರಲ್ಲಿ ಅದೇ ನ್ಯಾಯಾಲಯ, ಮದುವೆಯಾಗದ ತಾಯಿಯೊಬ್ಬಳು ತಂದೆಗೆ ನೋಟೀಸು ಕೊಡದೆಯೇ ತನ್ನ ಮಗುವಿನ ಪಾಲಕತ್ವಕ್ಕೆ ಅರ್ಜಿ ಹಾಕಬಹುದೆಂದು ಹೇಳಿತು. ಕೋರ್ಟುಗಳು ಇಷ್ಟು ದೂರ ನಡೆದುಬಂದಿದ್ದರೂ ನಮ್ಮ ಕಿಟಕಿಗಳು 1956ರಲ್ಲಿಯೇ ನಿಂತಿವೆ.

ಇತ್ತೀಚಿನದೊಂದು ಉದಾಹರಣೆ. 2025ರ ಜನವರಿಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ಹದಿನೇಳು ವರ್ಷದ ಹುಡುಗಿಯ ಅರ್ಜಿ ಬಂದಿತ್ತು. ಓದಿನಲ್ಲಿ ಮುಂದಿದ್ದ ಹುಡುಗಿ. ಜಪಾನಿಗೆ ಅಧ್ಯಯನ ಪ್ರವಾಸಕ್ಕೆ ಹೋಗುವ ಅವಕಾಶ ಸಿಕ್ಕಿತ್ತು. ತಂದೆತಾಯಿಗಳ ವಿಚ್ಛೇದನದ ವ್ಯಾಜ್ಯ ನಡೆಯುತ್ತಿತ್ತು, ತಂದೆ ಒಪ್ಪಲಿಲ್ಲ, ಪಾಸ್‌ಪೋರ್ಟು ನಿಂತಿತು. ತಾಯಿ ಅನುಬಂಧ 'ಸಿ' ಕೊಟ್ಟಿದ್ದರೂ ನಿಂತಿತು. ವಿದೇಶಕ್ಕೆ ಹೋಗುವುದು ಇಂದಿನ ಕಾಲದಲ್ಲಿ ಉಳ್ಳವರ ಶೋಕಿಯಲ್ಲ, ಓದುವ ಮಗುವಿನ ಅಗತ್ಯವೂ ಆಗಬಹುದು, ತಂದೆ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಅದರ ಮೂಲಭೂತ ಹಕ್ಕನ್ನು ತಡೆಯಲಾಗದು ಎಂಬ ಭಾವದಲ್ಲಿ ನ್ಯಾಯಾಲಯ ಪಾಸ್‌ಪೋರ್ಟು ಕೊಡುವಂತೆ ಆಜ್ಞೆ ಮಾಡಿತು. ಒಳ್ಳೆಯ ತೀರ್ಪು. ಆದರೆ ಕಾಜಾ ಹಾಕುವ ತಾಯಿ ಪ್ರತಿಯೊಂದು ಪಾಸ್‌ಪೋರ್ಟಿಗೂ ಉಚ್ಚ ನ್ಯಾಯಾಲಯಕ್ಕೆ ಹೋಗಲು ಸಾಧ್ಯವೇ? ಬಿಳಿಯ ಹಾಳೆಯ ಮೇಲೆ ಮುಗಿಯಬೇಕಾದ ಕೆಲಸವನ್ನು ಉಚ್ಚ ನ್ಯಾಯಾಲಯದವರೆಗೆ ತಳ್ಳುವ ಆಡಳಿತ ಬಡವರ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ಇನ್ನೊಂದು ಮಗ್ಗುಲೂ ಇದೆ. ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡ ನಮ್ಮ ಹಳೆಯ ಚಂದಾದಾರರೊಬ್ಬರು ಈ ವಿಷಯ ಕಿವಿಗೆ ಬಿದ್ದಾಗ ನಮ್ಮನ್ನು ಕಂಡು ಕೇಳಿದರು: "ನನ್ನ ಹೆಂಡತಿ ಮಗನೊಡನೆ ತವರಿನಲ್ಲಿದ್ದಾಳೆ. ಅವಳ ಅಣ್ಣ ಅಮೆರಿಕೆಯಲ್ಲಿದ್ದಾನೆ. ನನ್ನ ರುಜುವಿಲ್ಲದೆ ಪಾಸ್‌ಪೋರ್ಟಾಗಿ ಹುಡುಗ ಅಲ್ಲಿಗೆ ಹೊರಟುಹೋದರೆ ನಾನು ಅವನ ಮುಖ ನೋಡುವುದು ಯಾವಾಗ?" ಈತ ಪ್ರತಿ ಭಾನುವಾರ ಅಂಗಡಿ ಮುಚ್ಚಿ ಮಗನನ್ನು ನೋಡಿ ಬರುವ ಮನುಷ್ಯ. ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಒಬ್ಬ ಹೆತ್ತವರಿಂದ ಕಸಿದು ಪರದೇಶಕ್ಕೆ ಒಯ್ದ ಮಕ್ಕಳನ್ನು ಮರಳಿಸುವುದಕ್ಕಾಗಿ 1980ರಲ್ಲಿ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದಕ್ಕೆ ಭಾರತ ಸೇರಿಲ್ಲ. ಸೇರಬೇಕೇ ಬೇಡವೇ ಎಂಬ ಚರ್ಚೆ ನಡೆದಿದೆ. 2016ರಲ್ಲಿ ಕರಡು ಮಸೂದೆಯೂ ಸಿದ್ಧವಾಗಿತ್ತು. ಪರದೇಶದಲ್ಲಿ ಗಂಡನ ಹಿಂಸೆ ತಾಳದೆ ಮಗುವಿನೊಡನೆ ತವರಿಗೆ ಓಡಿಬಂದ ಹೆಣ್ಣುಮಕ್ಕಳಿಗೆ ಅದರಿಂದ ಅನ್ಯಾಯವಾದೀತೆಂಬ ವಾದವೂ ಬಲವಾದದ್ದೇ. ಹೇಗಿದ್ದರೂ, ಮಗು ಒಮ್ಮೆ ಗಡಿ ದಾಟಿದ ಮೇಲೆ ಅದನ್ನು ಮರಳಿ ಕಾಣುವ ದಾರಿ ದೂರದ್ದು, ದುಬಾರಿಯದು. ಪಾತ್ರೆ ಅಂಗಡಿಯ ತಂದೆಯ ಭಯಕ್ಕೆ ಕಾರಣವಿದೆ.

ಆದರೆ ಈ ಭಯಕ್ಕೆ ಮದ್ದು ರುಜುವನ್ನು ಬಿಗಿಹಿಡಿಯುವುದಲ್ಲ. ಪಾಸ್‌ಪೋರ್ಟು ಪ್ರಯಾಣವಲ್ಲ. ಅದು ಒಂದು ರಹದಾರಿ ಪುಸ್ತಕ. ಅದಾದ ಮೇಲೆ ವೀಸಾ ಬೇಕು, ಅನೇಕ ದೇಶಗಳು ವೀಸಾ ಕೊಡುವಾಗ ಇನ್ನೊಬ್ಬ ಹೆತ್ತವರ ಒಪ್ಪಿಗೆಯನ್ನು ಕೇಳುತ್ತವೆ. ಮಗು ಕೈತಪ್ಪಿಹೋಗುವುದೆಂದು ನಿಜವಾಗಿ ಅಂಜುವ ತಂದೆ ಅಥವಾ ತಾಯಿ ಕೋರ್ಟಿಗೆ ಹೋಗಬೇಕು. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರ ಮತ್ತು ಪಾಲಿತರ ಕಾಯಿದೆಯ ಕೆಳಗೆ ಮಗು ವಾಸಿಸುವ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಿ ಮಧ್ಯಂತರ ಆದೇಶ ಕೇಳಬಹುದು. ಕೋರ್ಟಿನ ಅಪ್ಪಣೆಯಿಲ್ಲದೆ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಬಾರದೆಂದು ಬೇಡಬಹುದು. ಹಿಂತಿರುಗುವ ದಿನ, ಫೋನಿನ ವೇಳೆ, ರಜೆಯ ಹಂಚಿಕೆ ಇವನ್ನೆಲ್ಲ ಬರೆಸಿಕೊಳ್ಳಬಹುದು. ಕೋರ್ಟಿನಲ್ಲಿ ಕಾರಣ ಹೇಳಬೇಕಾಗುತ್ತದೆ, ಎದುರು ಪಕ್ಷದವರು ಉತ್ತರ ಕೊಡುತ್ತಾರೆ, ನ್ಯಾಯಾಧೀಶರು ತೂಗಿ ನೋಡುತ್ತಾರೆ. ಸುಮ್ಮನೆ ರುಜು ತಡೆಹಿಡಿದವರು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಅಂಜುವ ಹೆತ್ತವರಿಗೂ ಹಗೆ ತೀರಿಸುವ ಹೆತ್ತವರಿಗೂ ಇರುವ ಅಂತರ ಇದೇ.

ಒಂದು ಮುಖ್ಯ ಮಾತನ್ನು ಎಲ್ಲರೂ ಮರೆಯುತ್ತಾರೆ. ಮಗುವಿಗೂ ಬಾಯಿದೆ. ತನ್ನ ಇಷ್ಟವನ್ನು ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಅಭಿಪ್ರಾಯವನ್ನು ಕೋರ್ಟು ಪರಿಗಣಿಸಬಹುದೆಂದು ಆ 1890ರ ಕಾಯಿದೆಯೇ ಹೇಳಿದೆ. ಪರದೇಶದ ಸರ್ಕಾರ ನೂರಮೂವತ್ತು ವರ್ಷಗಳಿಗೂ ಹಿಂದೆ ಬರೆದ ಕಾನೂನಿಗೆ ಇದ್ದಷ್ಟು ತಿಳುವಳಿಕೆಯಾದರೂ ನಮಗೆ ಬೇಡವೇ? ನಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿದ್ದ ಆ ಹುಡುಗಿಯನ್ನು ನಾವು ಕೇಳಿದೆವು. ಹೋಗಿ ಅಜ್ಜಿಯನ್ನು ನೋಡಬೇಕು, ಶಾಲೆ ಶುರುವಾಗುವ ಹೊತ್ತಿಗೆ ಬರಬೇಕು ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೂ ಹೇಳಿ ಹೋಗುತ್ತೇನೆ" ಎಂದಳು. ಈ ಮಾತು ಅವರಪ್ಪನ ಕಿವಿಗೆ ಬೀಳಲೆಂದೇ ಇಲ್ಲಿ ಅಚ್ಚು ಮಾಡಿಸಿದ್ದೇವೆ.

ಇದೇ ಸ್ಥಿತಿಯಲ್ಲಿರುವ ಓದುಗರಿಗೆ ನಾಲ್ಕು ಮಾತು. ಮೊದಲನೆಯದು, ಇನ್ನೊಬ್ಬರ ಒಪ್ಪಿಗೆಯನ್ನು ಒಮ್ಮೆ ಕಾಗದ ಬರೆದು ಕೇಳಿ, ಅಂಚೆಯ ರಸೀದಿಯನ್ನು ಇಟ್ಟುಕೊಳ್ಳಿ. ಒಪ್ಪಿದರೆ ಜಗಳವೇ ಇಲ್ಲ, ಒಪ್ಪದಿದ್ದರೆ ಕೇಳಿದ್ದಕ್ಕೆ ಪುರಾವೆಯಾಯಿತು. ಎರಡನೆಯದು, ಘೋಷಣೆಯಲ್ಲಿ ನಿಜವನ್ನೇ ಬರೆಯಿರಿ. ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಇದೆಯೆನ್ನಿ, ತಡೆಯಾಜ್ಞೆಯಿದ್ದರೆ ಮುಚ್ಚಿಡಬೇಡಿ. ಸುಳ್ಳು ಹೇಳಿ ಪಡೆದ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಳ್ಳಬಹುದು. ಸುಳ್ಳು ಹೇಳಿದವರಿಗೆ 2 ವರ್ಷದವರೆಗೆ ಸೆರೆವಾಸ, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಗಂಡ ಪಕ್ಕದ ಓಣಿಯಲ್ಲಿರುವಾಗ "ವಿಳಾಸ ಗೊತ್ತಿಲ್ಲ" ಎಂದು ಬರೆಯಿರೆನ್ನುವ ದಲ್ಲಾಳಿಗಳ ಮಾತು ಕೇಳಬೇಡಿ. ಮೂರನೆಯದು, ಕಿಟಕಿಯಲ್ಲಿ ಆಗುವುದಿಲ್ಲವೆಂದರೆ ಕಾರಣವನ್ನು ಬರೆದುಕೊಡಿರೆಂದು ಕೇಳಿ. ಈ ಒಂದು ಮಾತಿಗೆ ಅರ್ಧ ಕೆಲಸವಾಗುವುದನ್ನು ನಾವು ಕಂಡಿದ್ದೇವೆ. ನಾಲ್ಕನೆಯದು, ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಕಾರ್ಖಾನೆಯ ಕಾರ್ಮಿಕರಿಗೂ ಇದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿಯೇ ಅದರ ಕಚೇರಿಯಿದೆ.

ಬೇರೆಯಾಗಲು ನಿಶ್ಚಯಿಸಿದ ಗಂಡಹೆಂಡಿರಿಗೂ, ರಾಜಿ ಮಾಡಿಸುವ ಹಿರಿಯರಿಗೂ, ವಕೀಲರಿಗೂ ಇನ್ನೊಂದು ಮಾತು. ಪಾತ್ರೆ, ಒಡವೆ, ಮಂಚ ಯಾರಿಗೆಂದು ಪಟ್ಟಿ ಬರೆಯುತ್ತೀರಿ. ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಯಾರು, ಪ್ರಯಾಣದ ಸುದ್ದಿಯನ್ನು ಎಷ್ಟು ದಿನ ಮುಂಚೆ ಇನ್ನೊಬ್ಬರಿಗೆ ತಿಳಿಸಬೇಕು ಎಂಬ ಎರಡು ಸಾಲನ್ನೂ ಅದರಲ್ಲಿ ಬರೆಸಿ. ಮಗುವಿನ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷ, ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ಹತ್ತರ ವಯಸ್ಸಿನಲ್ಲಿ ಆದ ಜಗಳ ಹದಿನೈದರಲ್ಲಿ ಮತ್ತೆ ಏಳುತ್ತದೆ. ಎರಡು ಸಾಲು ಬರೆದಿಟ್ಟರೆ ಏಳುವುದಿಲ್ಲ.

ಸರ್ಕಾರವನ್ನು ನಾವು ಕೇಳುವುದು ಹೆಚ್ಚಿನದೇನೂ ಅಲ್ಲ. ಹೊಸ ಕಾನೂನು ಬೇಡ, ಇರುವ ನಿಯಮವನ್ನು ಪಾಲಿಸಿದರೆ ಸಾಕು. ಅನುಬಂಧ 'ಸಿ' ಮತ್ತು 'ಡಿ' ಎರಡನ್ನೂ ಕನ್ನಡದಲ್ಲಿ ಅಚ್ಚು ಮಾಡಿಸಿ ಎಲ್ಲ ಪಾಸ್‌ಪೋರ್ಟು ಕಚೇರಿಗಳ ಗೋಡೆಯ ಮೇಲೆ ಹಚ್ಚಬೇಕು. ಆ ತಾಯಿಯ ಕೈಯಲ್ಲಿದ್ದ ಹಾಳೆ ಇಂಗ್ಲಿಷಿನಲ್ಲಿತ್ತು. ತಾನು ಯಾವುದಕ್ಕೆ ಹೊಣೆಯಾಗುತ್ತಿದ್ದೇನೆಂದು ತನ್ನ ಭಾಷೆಯಲ್ಲಿ ಓದಲಾಗದವರಿಂದ ಘೋಷಣೆ ಪಡೆಯುವುದು ನ್ಯಾಯವೇ? ನಿರಾಕರಣೆಯಾದರೆ ಕಾರಣದ ಚೀಟಿಯನ್ನು ಕೇಳದೆಯೇ ಕೊಡಬೇಕು. ಇನ್ನೊಬ್ಬ ಹೆತ್ತವರ ಆಕ್ಷೇಪಣೆ ಬಂದರೆ ಅದನ್ನು ಗೊತ್ತಾದ ದಿನಗಳೊಳಗೆ ವಿಚಾರಿಸಿ ತೀರ್ಮಾನ ಹೇಳಬೇಕು. ಆಕ್ಷೇಪಣೆಯ ಕಾಗದವೊಂದು ಬಂದಿತೆಂದು ಮಗುವಿನ ಅರ್ಜಿಯನ್ನು ಮೂಲೆಗೆ ಹಾಕಬಾರದು.

ನಮ್ಮವರಿಗೆ ಹೇಳುವ ಮಾತು ಇದಕ್ಕಿಂತ ಕಠಿಣ. ಮುಂದಿನ ಭಾನುವಾರದ ಸಂಘದ ಸಭೆಯಲ್ಲಿ ನಾವು ಈ ವಿಷಯವನ್ನು ಹೆಸರು ಹೇಳದೆ ಎತ್ತುತ್ತೇವೆ. ಸಮತೆಯ ಬಾವುಟವನ್ನು ಬೀದಿಯಲ್ಲಿ ಹಿಡಿದು ಮನೆಯ ಹೊಸ್ತಿಲಲ್ಲಿ ಮಡಿಚಿಡುವವರಿಂದ ಯಾವ ಸಮಾಜವೂ ಬದಲಾಗದು. "ಮನೆಯ ವಿಷಯದಲ್ಲಿ ಪಕ್ಷ ತಲೆಹಾಕಬಾರದು" ಎಂದು ಕೆಲವರು ಮುನಿದುಕೊಂಡಾರು. ಗಿರಣಿಯೊಳಗಿನದು ತಮ್ಮ ಸ್ವಂತ ವಿಷಯವೆಂದು ಧಣಿಗಳೂ ಒಂದು ಕಾಲದಲ್ಲಿ ಹೀಗೆಯೇ ಹೇಳುತ್ತಿದ್ದರು.

ಆ ತಾಯಿ ನಮ್ಮ ಮೇಜಿನ ಮೇಲೆಯೇ ಅನುಬಂಧ 'ಸಿ' ಬರೆದರು. "ಒಪ್ಪಿಗೆ ಸಿಗದಿರಲು ಕಾರಣ" ಎಂಬಲ್ಲಿ ಏನು ಬರೆಯಲೆಂದು ಕೇಳಿದರು. ನಡೆದದ್ದನ್ನು ನಡೆದಂತೆ ಬರೆಯಿರಿ ಎಂದೆವು. ಬರೆದರು. ಹೊಸದಾಗಿ ದಿನ ಗೊತ್ತುಮಾಡಿಸಿದ್ದೇವೆ. ಆ ದಿನ ನಮ್ಮ ಕಚೇರಿಯ ಒಬ್ಬರು ಜೊತೆಗೆ ಹೋಗುತ್ತಾರೆ. ಕಿಟಕಿಯಲ್ಲಿ ಏನು ಹೇಳಿದರೆಂಬುದನ್ನು ಮುಂದಿನ ಸಂಚಿಕೆಗಳಲ್ಲಿ ತಿಳಿಸುತ್ತೇವೆ.

ಅಷ್ಟರೊಳಗೆ ನಮ್ಮ ಆ ಸದಸ್ಯರು ಮನಸ್ಸು ಬದಲಿಸಿ ಬಂದರೆ ಅನುಬಂಧ 'ಡಿ'ಯ ಒಂದು ಹಾಳೆಯೂ ನಮ್ಮ ಮೇಜಿನ ಮೇಲಿದೆ. ಲೇಖನಿಯನ್ನೂ ನಾವೇ ಕೊಡುತ್ತೇವೆ. ಅವರ ಮಗಳು ಐದನೆಯ ತರಗತಿಯಲ್ಲಿ ಓದುತ್ತಿದ್ದಾಳೆ.